ದಾವಲಸಾಬನ ಹೊಸ ತೋಳುಗಳು

ಒಣಗಿಹೋದ ತೋಳು ಮತ್ತೆ ಚಿಗುರುತ್ತದೆ ಎಂದು ಆಸ್ಪತ್ರೆಯವರು ಹೇಳಿದಾಗ ಕಾಸಿಂಬಿ ಮೊದಲು ನಕ್ಕುಬಿಟ್ಟಳು. ಕಡಿದ ಹುಣಸೆಮರ ಚಿಗುರುವುದನ್ನು ಅವಳು ಕಂಡಿದ್ದಳು. ಮನುಷ್ಯನ ತೋಳು ಚಿಗುರುತ್ತದೆ ಎನ್ನುವುದು ಓಟು ಕೇಳಲು ಬಂದವರ ಮಾತಿನ ಹಾಗಿತ್ತು. ಆದರೆ ನಗುತ್ತಲೇ ಪಕ್ಕದ ಗಾಲಿಕುರ್ಚಿಯ ಕಡೆ ತಿರುಗಿದವಳಿಗೆ ಗಂಡನ ಅಂಗಿಯ ತೋಳು ಕಾಣಿಸಿತು. ಅದರೊಳಗೆ ಅವನ ಕೈ ಎಲ್ಲಿದೆ ಎಂದು ಹುಡುಕಬೇಕಿತ್ತು. ಅವಳ ನಗು ಅಲ್ಲಿಗೇ ನಿಂತಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳು ಆ ಹೊತ್ತಿಗೆ ಆರಿಹೋಗಿ ವರ್ಷಗಳಾಗಿದ್ದವು. ಊರ ಹೊರಗೆ ಕರೆಂಟಿನ ದೊಡ್ಡ ಯಂತ್ರಗಳು ಬಂದು ಗುಂಡಿ ಒತ್ತಿದರೆ ಮೂಟೆಗಟ್ಟಲೆ ಮಂಡಕ್ಕಿ ಸುರಿಸುತ್ತಿದ್ದವು. ಭಟ್ಟಿಯ ಸಾಲುಗಳು ಗೋಡೌನುಗಳಾಗಿದ್ದವು. ಹೊಗೆ ಮಾತ್ರ ಎಲ್ಲಿಗೂ ಹೋಗಿರಲಿಲ್ಲ, ಅಲ್ಲಿ ದುಡಿದವರ ಎದೆಯಲ್ಲೇ ಬಿಡಾರ ಹೂಡಿತ್ತು.

ದಾವಲಸಾಬ, ಕಾಸಿಂಬಿ ಇಬ್ಬರೂ ಮದುವೆಯಾದ ವರ್ಷದಿಂದ ಒಂದೇ ಭಟ್ಟಿಯಲ್ಲಿ ದುಡಿದವರು. ಭತ್ತದ ಹೊಟ್ಟು ಸುರಿದು ಉರಿ ಏಳಿಸುವುದು ಅವಳ ಕೆಲಸ. ಕಾದ ಮರಳಿನ ಬಾಣಲೆಗೆ ಅಕ್ಕಿ ಹಾಕಿ, ಕೈಯಾಡಿಸಿ, ಅರಳಿದ್ದನ್ನು ಜರಡಿಗೆ ಎತ್ತಿ ಮರಳು ಉದುರಿಸುವುದು ಅವನ ಕೆಲಸ. ಹೊಟ್ಟು ಬಿದ್ದ ಕೂಡಲೇ ಕಪ್ಪು ಹೊಗೆ ಮುಖಕ್ಕೆ ನುಗ್ಗುತ್ತಿತ್ತು. ಆ ಒಂದು ಬಾಣಲೆ ಇಳಿಯುವ ತನಕ ಉಸಿರು ಕಟ್ಟಿಕೊಂಡೇ ಕೈಯಾಡಿಸಬೇಕು, ಹೊಗೆ ತಿಳಿಯಾಯಿತೆಂದು ಉರಿಯ ಬದಿಯವರು ಕೂಗಿದ ಮೇಲೆ ಉಸಿರು ಬಿಡಬೇಕು. ಭಟ್ಟಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಎಲ್ಲರೂ ಮಾಡುತ್ತಿದ್ದರು, ಅಷ್ಟೇ. ಮನೆಯಲ್ಲಿ ಗಂಡನಿಗೆ ನೀವು, ತಾವು ಎನ್ನುವ ಕಾಸಿಂಬಿ ಉರಿಯ ಮುಂದೆ ಮಾತ್ರ "ಬಿಡು!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಬೆಂಕಿಯ ಮುಂದೆ ಮರ್ಯಾದೆ ಹಚ್ಚಿ ಮಾತಾಡಲು ಯಾರಿಗೆ ಪುರುಸೊತ್ತು? ಅವಳ ಕೂಗು ಬಿದ್ದರೆ ಸಾಕು, ದಾವಲಸಾಬನ ಎದೆ ತಾನಾಗಿ ಇಳಿಯುತ್ತಿತ್ತು.

ಆಗ ಅವನ ತೋಳುಗಳನ್ನು ನೋಡಿದವರು ಕುಸ್ತಿ ಆಡುತ್ತೀಯೇನಪ್ಪಾ ಎಂದು ಕೇಳುತ್ತಿದ್ದರು. ಈಗ ಅವನಿಗೆ ಐವತ್ತೆಂಟು. ಹಗಲೂ ರಾತ್ರಿ ಮೂಗಿನಲ್ಲಿ ಆಕ್ಸಿಜನ್ ನಳಿಕೆ, ಮಂಚದಿಂದ ಬಚ್ಚಲಿಗೆ ಹೋಗಲು ಹೆಂಡತಿಯ ಹೆಗಲು. ಕಾಸಿಂಬಿಯ ಎದೆಯೂ ಕೆಟ್ಟಿತ್ತು, ಆದರೆ ಅಷ್ಟಲ್ಲ. ಅವನನ್ನು ಎತ್ತಿ ಕೂರಿಸಿ, ಏದುಸಿರು ಬಿಡುತ್ತ, ತಲೆಯ ಮೇಲೆ ನೀರು ಹಾಕುವವಳು ಅವಳೇ. ಅವಳು ಬೆನ್ನು ಉಜ್ಜುವಾಗ ದಾವಲಸಾಬ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದ. ಉಸಿರಾಡಲು ಆಗದಿದ್ದುದಕ್ಕಿಂತ ಅದೇ ಅವನಿಗೆ ದೊಡ್ಡ ಸಂಕಟವಾಗಿತ್ತು.

ಎದೆರೋಗದ ಆ ಆಸ್ಪತ್ರೆಯಲ್ಲಿ ಸ್ನಾಯು ವಿಭಾಗ ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಶಿವಲೀಲಾ. ಅವರು ಗಂಡ ಹೆಂಡತಿಯನ್ನು ಕಂಪ್ಯೂಟರ್ ಪರದೆಯ ಮುಂದೆ ಕೂರಿಸಿಕೊಂಡು, ಮಕ್ಕಳಿಗೆ ಹೇಳುವಂತೆ ತಾಳ್ಮೆಯಿಂದ ಹೇಳಿದರು.

"ನೋಡಮ್ಮ, ಶ್ವಾಸಕೋಶ ಕೆಟ್ಟಾಗ ಬರೀ ಉಸಿರು ಹೋಗಲ್ಲ. ಒಂದೊಂದು ಉಸಿರು ಎಳೆಯೋಕೂ ಮೈ ಕೂಲಿ ಮಾಡ್ಬೇಕಾಗುತ್ತೆ, ಉಂಡಿದ್ದೆಲ್ಲ ಅದಕ್ಕೇ ಖರ್ಚಾಗುತ್ತೆ. ಸಾಲದ್ದಕ್ಕೆ ಎದೆಯೊಳಗಿನ ಉರಿಯೂತ ರಕ್ತದ ಜೊತೆ ಸುತ್ತಾಡಿ ತೋಳು ತೊಡೆ ಮಾಂಸಾನೆಲ್ಲ ಕರಗಿಸುತ್ತೆ. ನಮ್ಮ ಸ್ನಾಯುಗಳಲ್ಲಿ ಮಲಗಿರೋ ಕೋಶಗಳು ಅಂತ ಇರ್ತವೆ. ಸ್ನಾಯು ಸವೆದಾಗ ಎದ್ದು ರಿಪೇರಿ ಮಾಡೋದು ಅವುಗಳ ಕೆಲಸ. ಈ ಕಾಯಿಲೆಯಲ್ಲಿ ಅವು ಏಳೋದೇ ಇಲ್ಲ. ನಮ್ಮ ಹೊಸ ಮದ್ದು ಅವನ್ನ ಎಬ್ಬಿಸುತ್ತೆ."

"ಶ್ವಾಸಕೋಶಾನೂ ಚಿಗೀತದಾ ಡಾಕ್ಟ್ರಮ್ಮಾ?" ಎಂದು ಕಾಸಿಂಬಿ ಕೇಳಿದಳು.

"ಇಲ್ಲಮ್ಮ, ಅದು ಹೇಗಿದೆಯೋ ಹಾಗೇ. ಆದ್ರೆ ಮೈ ಗಟ್ಟಿಯಾದ್ರೆ ಇರೋ ಉಸಿರಲ್ಲೇ ಓಡಾಡಿಕೊಂಡಿರಬಹುದು. ಒಂದು ಮಾತು ಮಾತ್ರ ನೆನಪಿರಲಿ. ಅವನ್ನ ಒಂದೇ ಸಲ ಎಬ್ಬಿಸೋಕಾಗೋದು. ಆಮೇಲೆ ವಾರವಾರ ಇಂಜೆಕ್ಷನ್ ಬೇಕು. ನಿಲ್ಲಿಸಿದ್ರೆ ಬೆಳೆದಿದ್ದೆಲ್ಲ ಕರಗಿಹೋಗುತ್ತೆ, ಮತ್ತೆ ಎಬ್ಬಿಸೋಕೆ ಒಳಗೆ ಏನೂ ಉಳಿದಿರಲ್ಲ."

ದಾವಲಸಾಬ ನಳಿಕೆ ಸರಿಮಾಡಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ. "ನನ್ ಮೈಗೆ ನಾನೇ ನೀರು ಹಾಕ್ಕಳ್ಳಂಗೆ ಆಗ್ತದಾ?"

"ಆಗ್ತದೆ" ಎಂದರು ಡಾಕ್ಟರು.

ಮದ್ದಿಗಿಂತ ವಿಚಿತ್ರವಾದದ್ದು ಪಾಠದ ಅಂಗಿ. ಎದ್ದ ಕೋಶಗಳಿಗೆ ತಾವು ಏನಾಗಬೇಕೆಂದು ಗೊತ್ತಿರುವುದಿಲ್ಲವಂತೆ. ದಿನಕ್ಕೆ ಸಾವಿರ ಸಲ ಕೈಯೆತ್ತಿ ಇಳಿಸಿದರೆ ತೋಳಿನ ಸ್ನಾಯುವಾಗುತ್ತವೆ, ಇಲ್ಲದಿದ್ದರೆ ಸುಮ್ಮನೆ ಗಂಟುಗಂಟಾಗಿ ಉಳಿಯುತ್ತವೆ. ಸಾವಿರ ಸಲ ಕೈಯೆತ್ತುವ ತ್ರಾಣವಿದ್ದವನು ಆಸ್ಪತ್ರೆಗಾದರೂ ಯಾಕೆ ಬರುತ್ತಾನೆ? ಅದಕ್ಕೇ ಈ ಅಂಗಿ. ರೋಗಿ ಅದನ್ನು ತೊಟ್ಟು ತನಗೆ ರೂಢಿಯಿರುವ ಕೆಲಸವನ್ನು ಒಂದಷ್ಟು ಸಲ ಮಾಡಿದರೆ ಸಾಕು. ಯಾವ ಸ್ನಾಯು ಯಾವಾಗ ಬಿಗಿಯಿತು, ಯಾವಾಗ ಸಡಿಲವಾಯಿತು ಎನ್ನುವುದನ್ನೆಲ್ಲ ಅಂಗಿ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಅವನು ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ, ನಿದ್ದೆ ಮಾಡುತ್ತಿದ್ದರೂ, ಸಣ್ಣ ಕರೆಂಟು ಹರಿಸಿ ಅದೇ ಪಾಠವನ್ನು ಮೈಗೆ ಹೇಳುತ್ತಿರುತ್ತದೆ. ವಾರವಾರ ಪಾಠ ಸ್ವಲ್ಪ ಕಷ್ಟವಾಗುತ್ತ ಹೋಗುತ್ತದೆ.

ಅಂಗಿ ತೊಡಿಸುವವನು ತಿಪ್ಪೇಶ. ಅದೇ ಊರಿನವನು, ವ್ಯಾಯಾಮ ಚಿಕಿತ್ಸೆ ಓದಿಕೊಂಡವನು, ಬಾಯಿ ಸುಮ್ಮನಿರದ ಆಸಾಮಿ.

"ನಿಮ್ಗೆ ನಿದ್ದೆಗಣ್ಣಲ್ಲೂ ಬರೋ ಕೆಲ್ಸ ಯಾವ್ದೈತೋ ಅದನ್ನ ಮಾಡಿ ತೋರ್ಸ್ರಿ ಯಜಮಾನ್ರೇ. ನಿಧಾನಕ್ಕೆ. ನಾಚ್ಕೆ ಪಡಬ್ಯಾಡ್ರಿ. ಈಗ ಹೋದ್ರಲ್ಲ, ಬಸ್ ಡ್ರೈವರಣ್ಣ, ಅವ್ರು ಇಲ್ಲೇ ಕುಂತು ಹರಿಹರದ ತಂಕ ಬಸ್ ಓಡ್ಸಿದ್ರು. ಹಾರನ್ನೂ ಹೊಡೆದ್ರು."

ದಾವಲಸಾಬ ಕುರ್ಚಿಯಲ್ಲೇ ಕುಳಿತು, ತಿಪ್ಪೇಶ ಕೊಟ್ಟ ಪ್ಲಾಸ್ಟಿಕ್ ತಟ್ಟೆಯನ್ನೇ ಜರಡಿ ಮಾಡಿಕೊಂಡ. ಇಲ್ಲದ ಬಾಣಲೆಗೆ ಅಕ್ಕಿ ಸುರಿದ, ಕೈಯಾಡಿಸಿದ, ಎತ್ತಿದ, ಜರಡಿಯಾಡಿಸಿದ. ನಡುಗುವ ಕೈಗಳಿಗೆ ಹಳೆಯ ಲಯ ಎಲ್ಲಿಂದಲೋ ಬಂದುಬಿಟ್ಟಿತು. ಪಕ್ಕದಲ್ಲಿ ನಿಂತಿದ್ದ ಕಾಸಿಂಬಿಗೆ ಆ ಕೋಣೆ ಆಸ್ಪತ್ರೆ ಎನ್ನುವುದೇ ಮರೆತುಹೋಯಿತು. ಅವನ ಎದೆ ಕಟ್ಟಿ ನಿಂತದ್ದು ನೋಡಿ, ತನಗೇ ಗೊತ್ತಿಲ್ಲದೆ "ಬಿಡು!" ಎಂದು ಕೂಗಿಬಿಟ್ಟಳು. ದಾವಲಸಾಬ ಫೂ ಎಂದು ಉಸಿರು ಬಿಟ್ಟ. ಕೂಗಿದ್ದಕ್ಕೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೆ ಅವನು ಕೆಮ್ಮುವ ತನಕ ನಕ್ಕ. "ಏನ್ ಜೋಡಿನಪ್ಪಾ" ಎಂದು ತಿಪ್ಪೇಶನೂ ನಕ್ಕು, "ಇನ್ನೊಂದಷ್ಟು ಸಲ ಆಗ್ಲಿ" ಎಂದ.

ಪರದೆಯ ಮೇಲೆ ಗೆರೆಗಳು ಏರಿಳಿಯುತ್ತಿದ್ದವು. ಉಸಿರಿನ ಗೆರೆ ಮಾತ್ರ ನಡುನಡುವೆ ಸ್ವಲ್ಪ ಹೊತ್ತು ಚಪ್ಪಟೆಯಾಗಿ ಮಲಗುತ್ತಿತ್ತು. ಕೆಟ್ಟ ಶ್ವಾಸಕೋಶದವರ ಗೆರೆ ಸರಿಯಾಗಿರುವುದೇ ಅಪರೂಪ, ಹಾಗಾಗಿ ಅದನ್ನು ಯಾರೂ ಎರಡನೇ ಸಲ ನೋಡಲಿಲ್ಲ. ಅಂಗಿ ಮಾತ್ರ ಎಲ್ಲವನ್ನೂ ಹಿಡಿದಿಟ್ಟುಕೊಂಡಿತು.

ಆಮೇಲಿನ ನಾಲ್ಕು ತಿಂಗಳು ಕಾಸಿಂಬಿಯ ಮನೆಯಲ್ಲಿ ಹಬ್ಬ. ಮೊದಲು ಹೆಗಲಿನ ಮೂಳೆ ಮರೆಯಾಯಿತು. ಆಮೇಲೆ ರಟ್ಟೆ ತುಂಬಿತು, ಕತ್ತಿನ ಬುಡ ಗಟ್ಟಿಯಾಯಿತು, ಪಕ್ಕೆಲುಬಿನ ಸಂದುಗಳು ಮುಚ್ಚಿಕೊಂಡವು. ತೊಡೆಗಳಿಗೂ ಜೀವ ಬಂತು. ಒಂದು ದಿನ ದಾವಲಸಾಬ ನಳಿಕೆಯ ಉದ್ದ ಸಾಲುವಷ್ಟು ದೂರ ತಾನೇ ನಡೆದು, ಬಚ್ಚಲಿನ ಬಾಗಿಲು ಮುಂದೆ ಮಾಡಿಕೊಂಡ. ಕಾಸಿಂಬಿ ಹೊರಗೆ ನಿಂತು ಕಿವಿಗೊಟ್ಟಳು. ಚೊಂಬು ಹಂಡೆಗೆ ತಾಗಿದ ಸದ್ದು, ನೀರು ಸುರಿದ ಸದ್ದು. ಮತ್ತೆ ಚೊಂಬು, ಮತ್ತೆ ನೀರು. ಹಂಡೆಯ ನೀರೆಲ್ಲ ಮುಗಿಸಿಯೇ ಅವನು ಹೊರಗೆ ಬಂದ. ಕಣ್ಣು ಕೆಂಪಾಗಿದ್ದವು. "ಸೋಪು ಹೋತು ಕಣ್ಣಿಗೆ" ಎಂದ.

ದುಡಿದ ಮೈಗೆ ಬಲ ಬಂದರೆ ಅದು ಸುಮ್ಮನೆ ಕೂರುತ್ತದೆಯೇ? ಡಬ್ಬಿಗಳ ಮುಚ್ಚಳ ತೆಗೆಯುವುದಕ್ಕೆ ಅಕ್ಕಪಕ್ಕದ ಹೆಂಗಸರು ಅವನ ಹತ್ತಿರ ಬರಲು ಶುರುಮಾಡಿದರು. ಹೆಗಲಿಗೆ ಸಣ್ಣ ಆಕ್ಸಿಜನ್ ಬಾಟಲಿ ನೇತುಹಾಕಿಕೊಂಡು ನಿಧಾನವಾಗಿ ಬೀದಿಯ ತುದಿಗೆ ಹೋಗಿ, ಹಳೆಯ ಭಟ್ಟಿ ಗೆಳೆಯರ ಜೊತೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬರುತ್ತಿದ್ದ. ವಾರದ ಇಂಜೆಕ್ಷನ್ನಿಗೂ ಒಬ್ಬನೇ ಆಟೋದಲ್ಲಿ ಹೋಗಿ ಬರುವಷ್ಟಾದ. "ನನ್ ತ್ವಾಳು ನೋಡಿ ನಮ್ ಭಟ್ಟಿ ಕರೀಮ ಹೊಟ್ಟೆಕಿಚ್ಚು ಪಡ್ತಾನ" ಎಂದು ಹೆಂಡತಿಯ ಮುಂದೆ ಹೇಳಿಕೊಂಡ. ರಾಣೇಬೆನ್ನೂರಿನಿಂದ ಬಂದ ಮಗಳು ನಜ್ಮಾ ಅಪ್ಪನ ರಟ್ಟೆ ಹಿಸುಕಿ ನೋಡಿ ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದ ದಾವಲಸಾಬ ಉಂಡು ಮಲಗಿದ್ದ. ಕಾಸಿಂಬಿ ಪಕ್ಕದಲ್ಲಿ ಕುಳಿತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಅವನ ಉಸಿರಿನ ಸದ್ದು ಅವಳ ಕಿವಿಗೆ ಗಡಿಯಾರದ ಸದ್ದಿನಷ್ಟು ರೂಢಿಯಾಗಿತ್ತು, ಹಾಗಾಗಿ ಅದು ನಿಂತಾಗಲೇ ಅವಳಿಗೆ ಕೇಳಿಸಿದ್ದು. ತಿರುಗಿ ನೋಡಿದಳು. ಅವನ ಎದೆ ಉಬ್ಬಿ ನಿಂತಿತ್ತು. ಕತ್ತಿನ ಹೊಸ ಸ್ನಾಯುಗಳು ಹಗ್ಗದಂತೆ ಬಿಗಿದಿದ್ದವು. ಎರಡೂ ಕೈಗಳು ಹಾಸಿಗೆಯ ಮೇಲೆ ಎಡಕ್ಕೂ ಬಲಕ್ಕೂ ನವಿರಾಗಿ ಆಡುತ್ತಿದ್ದವು. ತುಟಿ ನೀಲಿಗಟ್ಟುತ್ತಿತ್ತು. ಅಲುಗಾಡಿಸಿದಳು, ಕೆನ್ನೆ ತಟ್ಟಿದಳು. ಮೈ ಮರದ ದಿಮ್ಮಿಯ ಹಾಗಿತ್ತು. ಏನು ಮಾಡಬೇಕೆಂದು ತೋಚದೆ ಅವನ ಕೈಗಳನ್ನೇ ನೋಡಿದವಳಿಗೆ, ಅವು ಏನು ಮಾಡುತ್ತಿವೆ ಎಂಬುದು ತಟ್ಟನೆ ಹೊಳೆಯಿತು.

"ಬಿಡು!" ಎಂದು ಕಿರುಚಿದಳು.

ದಾವಲಸಾಬನ ಎದೆ ಇಳಿಯಿತು. ಉಸಿರು ಬಂತು. ಅವನಿಗೆ ಎಚ್ಚರವೂ ಆಗಲಿಲ್ಲ, ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿದ. ಕಾಸಿಂಬಿ ಸೊಪ್ಪಿನ ಮೊರ ಪಕ್ಕಕ್ಕೆ ತಳ್ಳಿ, ಅವನು ಏಳುವ ತನಕ ಅವನ ಎದೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತಳು.

ಮಾರನೆಯ ದಿನ ಆಸ್ಪತ್ರೆಯ ತಪಾಸಣೆಯ ಕೋಣೆಯಲ್ಲಿ ದಾವಲಸಾಬನನ್ನು ಹಗಲಲ್ಲೇ ಮಲಗಿಸಿ, ಗಾಜಿನ ಈಚೆಗೆ ಎಲ್ಲರೂ ಪರದೆ ನೋಡುತ್ತ ನಿಂತರು. ಅವನಿಗೆ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ ಉಸಿರಿನ ಗೆರೆ ಏರಿ, ಹಾಗೇ ಚಪ್ಪಟೆಯಾಗಿ ಮಲಗಿಬಿಟ್ಟಿತು. ಎದೆಯ ಸ್ನಾಯುಗಳ ಗೆರೆಗಳು ಮಾತ್ರ ದಟ್ಟವಾಗಿ ಕುಣಿಯುತ್ತಿದ್ದವು. ಗಂಟೆ ಬಾರಿಸಿ ಅವನನ್ನು ಎಬ್ಬಿಸಿದರು. ತಿಪ್ಪೇಶ ಹಳೆಯ ದಾಖಲೆ ತೆಗೆದು ಮೊದಲ ದಿನದ ಗೆರೆಯನ್ನು ಇದರ ಕೆಳಗಿಟ್ಟ. ಅದೇ ಆಕಾರ, ಅಂದು ಗೇಣುದ್ದ ಇದ್ದದ್ದು ಇಂದು ಮಾರುದ್ದವಾಗಿತ್ತು.

"ಯಜಮಾನ್ರೇ, ಅವತ್ತು ಪಾಠ ತೋರ್ಸುವಾಗ ಉಸಿರು ಹಿಡಿದಿದ್ರಾ?"

ದಾವಲಸಾಬ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದ. "ಮತ್ತೆ? ಭಟ್ಟಿ ಮುಂದೆ ಯಾರಾರ ಉಸಿರಾಡ್ತಾರನಪ್ಪಾ?"

ಅವರು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ. ಹೇಳುವಂಥ ಸಂಗತಿ ಎಂದು ಇವರಿಗೂ ಅನ್ನಿಸಿರಲಿಲ್ಲ. ಅಂಗಿ ಮಾತ್ರ ಉಸಿರು ಕಟ್ಟುವುದನ್ನೂ ಕೆಲಸದ ಒಂದು ಭಾಗವೆಂದುಕೊಂಡು, ತೋಳಿಗೆ ತೋಳಿನ ಪಾಠ ಹೇಳಿದ ಹಾಗೆ ಎದೆಗೆ ಎದೆಯ ಪಾಠ ಹೇಳಿತ್ತು, ವಾರವಾರ ಸ್ವಲ್ಪ ಹೆಚ್ಚು ಹೊತ್ತು ಕಟ್ಟುವುದನ್ನು ಕಲಿಸಿತ್ತು. ಎಚ್ಚರವಿದ್ದಾಗ ಮನಸ್ಸಿನ ಮಾತು ನಡೆಯುತ್ತದೆ. ನಿದ್ದೆಯಲ್ಲಿ ಮೈ ತಾನು ಕಲಿತದ್ದನ್ನೇ ಮಾಡುತ್ತದೆ. ಉಳಿದವರಿಗಾದರೆ ಉಸಿರು ಕಟ್ಟಿದಾಗ ಮೆದುಳು ಬೊಬ್ಬೆ ಹೊಡೆದು ಎಬ್ಬಿಸುತ್ತದೆ. ವರ್ಷಗಟ್ಟಲೆ ಕೆಟ್ಟ ಗಾಳಿಗೆ ಒಗ್ಗಿಹೋದ ದಾವಲಸಾಬನ ಮೆದುಳು ಬೊಬ್ಬೆ ಹೊಡೆಯುವುದನ್ನೇ ಬಿಟ್ಟಿತ್ತು.

ಅಂಗಿ ಕಳಚಿದರು. ಆದರೆ ಕಲಿತದ್ದು ಕಲಿತದ್ದೇ. ಬೇರೆ ಪಾಠ ಹೇಳಿ ನೋಡಿದರು, ಬಲಿತ ಸ್ನಾಯು ಕೇಳಲಿಲ್ಲ. ಮುಖಕ್ಕೆ ಗಾಳಿ ಒತ್ತುವ ಯಂತ್ರ ಕಟ್ಟಿದರು, ಬಿಗಿದ ಎದೆ ಗಾಳಿಯನ್ನೇ ಹಿಂದಕ್ಕೆ ನೂಕಿತು. ಉಸಿರು ನಿಂತ ಕೂಡಲೇ ಕೂಗುವ ಗಂಟೆ ಕಟ್ಟಿದರೆ ಪ್ರಾಣವೇನೋ ಉಳಿಯುತ್ತಿತ್ತು, ಆದರೆ ಅದು ಮತ್ತೆ ಮತ್ತೆ ಕೂಗಿ ದಾವಲಸಾಬನಿಗೆ ಒಂದು ಗಳಿಗೆಯೂ ನಿದ್ದೆ ಇಲ್ಲದಾಗಿ, ವಾರದೊಳಗೆ ಅವನು ಮಗಳ ಹೆಸರು ತಡವರಿಸುವಂತಾದ. ಕಾಸಿಂಬಿಯ ಕೂಗನ್ನು ಧ್ವನಿಮುದ್ರಿಸಿ ಕೇಳಿಸಿದರು. ಎರಡು ದಿನ ಕೆಲಸ ಮಾಡಿತು, ಆಮೇಲೆ ಅವನ ಮೈ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಜ್ಮಾ ಕೂಗಿ ನೋಡಿದಳು, ಅದೂ ಆಗಲಿಲ್ಲ. ಪಕ್ಕದಲ್ಲಿ ಕುಳಿತು, ಅವನ ಎದೆ ನೋಡಿ, ಸರಿಯಾದ ಹೊತ್ತಿಗೆ ಕಾಸಿಂಬಿಯೇ ಕೂಗಬೇಕು. ಅವಳು ಕೂಗಿದರೆ ಅವನಿಗೆ ನಿದ್ದೆಯೂ ಕೆಡುತ್ತಿರಲಿಲ್ಲ.

ತಿಪ್ಪೇಶ ಅವಳ ಮುಂದೆ ತಲೆ ತಗ್ಗಿಸಿ ನಿಂತ. ಡಾಕ್ಟರ್ ಶಿವಲೀಲಾ ಅವಳನ್ನು ಪಕ್ಕಕ್ಕೆ ಕರೆದು, "ತಪ್ಪು ನಮ್ಮದಮ್ಮ. ಈಗ ಉಳಿದಿರೋದು ಒಂದೇ ದಾರಿ. ಇಂಜೆಕ್ಷನ್ ನಿಲ್ಲಿಸೋದು. ಹೊಸ ಸ್ನಾಯು ಕರಗಿದ್ರೆ ಈ ಹಟವೂ ಕರಗುತ್ತೆ. ಆದ್ರೆ ಮೈ ಮೊದಲಿನ ಹಾಗೇ ಆಗುತ್ತೆ. ಮತ್ತೆ ಬರಲ್ಲ" ಎಂದರು.

"ಬ್ಯಾಡ" ಎಂದಳು ಕಾಸಿಂಬಿ, ಯೋಚನೆಯನ್ನೂ ಮಾಡದೆ. "ನಾ ಇದೀನಲ್ಲ. ನಾ ಕಾಯ್ತೀನಿ."

ಅವಳ ಮನಸ್ಸಿನಲ್ಲಿದ್ದದ್ದು ಬಚ್ಚಲಿನ ಬಾಗಿಲಾಚೆಯ ಆ ನೀರಿನ ಸದ್ದು. ಅದನ್ನು ಅವನಿಂದ ಹೇಗೆ ಕಿತ್ತುಕೊಳ್ಳುವುದು? ಜೊತೆಗೆ ಒಂದು ಮುಳ್ಳೂ ಇತ್ತು. ಮೊದಲ ದಿನ ತಾನು ಕೂಗಿ ಆ ಪಾಠವನ್ನು ಪೂರ್ತಿ ಮಾಡಿಕೊಟ್ಟೆನಲ್ಲ ಎನ್ನುವುದು. ಯಾರೂ ಅವಳನ್ನು ದೂರಲಿಲ್ಲ, ಅವಳು ತನ್ನನ್ನು ತಾನೇ ದೂರಿಕೊಂಡಳು.

ಹೀಗೆ ಕಾಸಿಂಬಿ ಕಾವಲಿಗೆ ಕುಳಿತಳು. ದಾವಲಸಾಬ ಮಲಗಿದಾಗೆಲ್ಲ ಅವಳು ಎದ್ದಿರಬೇಕು. ಅವನು ಎದ್ದಾಗ ಅವಳು ಮಲಗಬಹುದಿತ್ತು, ಹೇಳುವುದಕ್ಕೆ ಸುಲಭ. ಆದರೆ ರೋಗದ ಮೈ ಹೊತ್ತುಗೊತ್ತಿಲ್ಲದೆ ತೂಕಡಿಸುತ್ತದೆ. ಚಹಾ ಕುಡಿಯುತ್ತ ಕುಳಿತವನು ಹಾಗೇ ಗೋಡೆಗೊರಗಿ ನಿದ್ದೆಹೋಗುತ್ತಿದ್ದ. ಅವಳು ತಲೆ ಇಟ್ಟರೆ ಸಾಕು, ಉಸಿರು ನಿಂತ ಹಾಗೆ ಭ್ರಮೆಯಾಗಿ ಎದೆ ಹಾರಿ ಎದ್ದು ಕೂರುತ್ತಿದ್ದಳು. ನಜ್ಮಾ ಕೆಲವು ದಿನ ಇದ್ದು, ಅಪ್ಪ ತೂಕಡಿಸಿದಾಗೆಲ್ಲ ಮಾತಿಗೆಳೆದು ಅವ್ವನನ್ನು ಮಲಗಿಸಿದಳು. ಅವಳಿಗೂ ಅವಳ ಸಂಸಾರವಿತ್ತಲ್ಲ, ಹೋದಳು. ಕಾಸಿಂಬಿಯ ಕೆಮ್ಮು ಹೆಚ್ಚಾಯಿತು. ಧ್ವನಿ ಒಡೆದು ಹಂಚಿನ ಮೇಲೆ ಗೀರಿದ ಸದ್ದಿನಂತಾಯಿತು. ಕಣ್ಣ ಕೆಳಗೆ ಮಸಿ ಬಳಿದಂತಾಯಿತು. "ನಿದ್ದೆ ಮಾಡು ಮಾರಾಯ್ತಿ" ಎಂದು ದಾವಲಸಾಬ ಬೈದರೆ, "ಸತ್ತ ಮ್ಯಾಲೆ ಇದ್ದೇ ಐತಿ" ಎಂದು ನಕ್ಕು ಮಾತು ತಪ್ಪಿಸುತ್ತಿದ್ದಳು.

ಚಳಿಗಾಲ ಬಂತು. ದಾವಲಸಾಬ ತಾನೇ ನೀರು ಹಾಕಿಕೊಳ್ಳುವುದು ಕಡಿಮೆಯಾಯಿತು. ಚಳಿ ಅಂದ. ಬೀದಿಯ ತುದಿಗೆ ಹೋಗುವುದನ್ನೂ ಬಿಟ್ಟ. ಮೊಣಕಾಲು ನೋವು ಅಂದ. ವಾರದ ಇಂಜೆಕ್ಷನ್ನಿಗೆಂದು ಆಟೋ ಹತ್ತುವುದನ್ನು ಮಾತ್ರ ಬಿಡಲಿಲ್ಲ. ಕಾಸಿಂಬಿಗೆ ನಿದ್ದೆಯ ಮಂಪರಿನಲ್ಲಿ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಮೈತುಂಬ ಶಾಲು ಹೊದ್ದುಕೊಂಡೇ ಇರುತ್ತಿದ್ದ. ಉಸಿರು ಕಟ್ಟುವುದು ಈಚೆಗೆ ಕಡಿಮೆಯಾಗಿದೆ ಎಂದು ಅವಳಿಗೆ ಅನ್ನಿಸಿತ್ತು, ಪಾಠ ಮರೆಯುತ್ತಿರಬೇಕು ಎಂದುಕೊಂಡು ಮನಸ್ಸಿನಲ್ಲೇ ದರ್ಗಾದಲ್ಲಿ ಸಕ್ಕರೆ ಓದಿಸುವುದಾಗಿ ಹರಸಿಕೊಂಡಿದ್ದಳು.

ಒಂದು ಬೆಳಿಗ್ಗೆ ತಿಪ್ಪೇಶ ಮನೆಗೆ ಬಂದ. ಸೇಬುಹಣ್ಣಿನ ಚೀಲ ಅವಳ ಕೈಗೆ ಕೊಟ್ಟು, ಚಾಪೆಯ ಮೇಲೆ ಕುಳಿತು, ಚಹಾ ಬೇಡ ಎಂದ. ಆಮೇಲೆ ಮೆಲ್ಲಗೆ, "ನೀವು ಇಷ್ಟು ಗಟ್ಟಿ ಮನಸು ಮಾಡಿ ಒಪ್ಪಿದ್ರಲ್ಲಮ್ಮಾ, ಅದನ್ನೇ ಡಾಕ್ಟ್ರಮ್ಮ ಹೇಳ್ತಿದ್ರು" ಎಂದ.

"ಏನು ಒಪ್ಪಿದ್ದು ತಮ್ಮಾ?"

ತಿಪ್ಪೇಶ ಮಂಚದ ಕಡೆ ನೋಡಿದ. ದಾವಲಸಾಬ ಗೋಡೆಯ ಕಡೆ ತಿರುಗಿದ.

"ಇಂಜೆಕ್ಷನ್ ನಿಲ್ಸಾಕೆ. ನೀವೂ ಹೂಂ ಅಂದೀರಿ ಅಂತ ಯಜಮಾನ್ರು ಹೇಳಿದ್ರಲ್ಲ... ಒಂದೂವರೆ ತಿಂಗಳಾತು."

ಕಾಸಿಂಬಿ ಎದ್ದು ಹೋಗಿ ಗಂಡನ ಮೈಮೇಲಿನ ಶಾಲು ಎಳೆದಳು. ಹೆಗಲಿನ ಮೂಳೆ ಮತ್ತೆ ಮೇಲೆ ಬಂದಿತ್ತು. ರಟ್ಟೆಯ ಚರ್ಮ ಜೋತುಬಿದ್ದಿತ್ತು. ಕೈಯಿಂದ ಮುಟ್ಟಿ, ಆ ಕಡೆಯ ತೋಳನ್ನೂ ಮುಟ್ಟಿ, ತಿಪ್ಪೇಶನ ಕಡೆ ತಿರುಗಿದಳು. "ಇವತ್ತೇ ಚುಚ್ಚಿದ್ರೆ? ಈಗಿಂದೀಗ್ಲೇ ಕರಕೊಂಡು ಬರ್ತೀನಿ."

"ಆಗಲ್ಲಮ್ಮಾ. ಒಳಗೆ ಏನೂ ಉಳಿದಿಲ್ಲ" ಎಂದ ತಿಪ್ಪೇಶ. ಅವನ ಕಣ್ಣಲ್ಲಿ ನೀರಿತ್ತು. ಎಷ್ಟು ಬೇಗ ಅಲ್ಲಿಂದ ಹೊರಡಲು ಸಾಧ್ಯವೋ ಅಷ್ಟು ಬೇಗ ಹೊರಟುಹೋದ.

ಅವನು ಹೋದ ಮೇಲೆ ಕಾಸಿಂಬಿ ಗಂಡನ ಮೇಲೆ ಹರಿಹಾಯ್ದಳು. ಒಡೆದ ಗಂಟಲಿನಲ್ಲಿ, ಕೆಮ್ಮಿನ ನಡುವೆ, ಬೀದಿಗೆಲ್ಲ ಕೇಳುವಂತೆ.

"ಯಾರನ್ನ ಕೇಳಿ ನಿಲ್ಸಿದ್ರಿ? ಆಟೋದಾಗೆ ಹೋಗಿದ್ದು ಬಂದಿದ್ದು ಎಲ್ಲಾ ಸುಳ್ಳಾ? ನಾ ಕಾಯ್ತೀನಿ ಅಂದಿದ್ದಿಲ್ಲಾ? ನನ್ ನಿದ್ದಿ ಉಸಾಬರಿ ನಿಮ್ಗೆ ಯಾಕ್ ಬೇಕಿತ್ತು?"

ಅವಳು ಸುಸ್ತಾದ ಮೇಲೆ ದಾವಲಸಾಬ ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಅವತ್ತು ಸಾರು ಕಾಯಿಸ್ತಾ ಒಲೆ ಮುಂದೆ ನಿಂತಲ್ಲೇ ನಿದ್ದಿ ಮಾಡಿದ್ದೆ ನೀನು. ಸೆರಗು ಉರಿಗೆ ತಾಗಿತ್ತು. ನಾನೇ ಎಳೆದು ನೀರು ಹಾಕ್ದೆ. ನಿಂಗೆ ಅದೂ ನೆನಪಿಲ್ಲ. ಸೆರಗು ಎಲ್ಲಿ ಸುಟ್ತು ಅಂತ ಮರುದಿನ ನನ್ನೇ ಕೇಳ್ದೆ."

ಕಾಸಿಂಬಿಯ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು.

"ಈ ತ್ವಾಳು ಇಟ್ಕಂಡು ನಾ ಏನ್ ಮಾಡ್ಲಿ ಹೇಳು, ನೀನೇ ಹೋದ್ಮ್ಯಾಲೆ?"

ಕಾಸಿಂಬಿ ಎದ್ದು ನೀರು ಕಾಯಿಸಿದಳು. ಅವನನ್ನು ಎಬ್ಬಿಸಿ, ಹೆಗಲು ಕೊಟ್ಟು, ಬಚ್ಚಲಿಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದಳು. ಚೊಂಬಿನಲ್ಲಿ ನೀರು ತೆಗೆದು ತಲೆಯ ಮೇಲೆ ಹಾಕಿದಳು. ಅವನು ಈ ಸಲ ಮುಖ ತಿರುಗಿಸಲಿಲ್ಲ. ಅವಳನ್ನೇ ನೋಡುತ್ತ ಕುಳಿತಿದ್ದ. ನೋಡಲಾಗದೆ ಕಾಸಿಂಬಿಯೇ ಬೆನ್ನು ಉಜ್ಜುವ ನೆಪದಲ್ಲಿ ಹಿಂದಕ್ಕೆ ಸರಿದಳು.

ಮಧ್ಯಾಹ್ನ ಅವನಿಗೆ ಗಂಜಿ ಕುಡಿಸಿ ಮಲಗಿಸಿದಳು. ರೂಢಿಯಂತೆ ಮಂಚದ ಪಕ್ಕ ನೆಲದ ಮೇಲೆ ಕುಳಿತು ಅವನ ಎದೆ ನೋಡತೊಡಗಿದಳು. ಅದು ಸಣ್ಣಗೆ ಏರುತ್ತಿತ್ತು, ಸಣ್ಣಗೆ ಇಳಿಯುತ್ತಿತ್ತು. ಬಿಗಿಯಲು ಅಲ್ಲಿ ಈಗ ಏನೂ ಇರಲಿಲ್ಲ. ಏರಿತು, ಇಳಿಯಿತು. ಇನ್ನೊಂದು ಸಲ ನೋಡಿ ಎದ್ದು ಪಾತ್ರೆ ತೊಳೆಯೋಣ ಎಂದುಕೊಂಡಳು.

ಕಣ್ಣು ಬಿಟ್ಟಾಗ ಬೀದಿಯ ದೀಪ ಹತ್ತಿತ್ತು. ಅವಳು ನೆಲದ ಮೇಲೆ ಅಡ್ಡಬಿದ್ದಿದ್ದಳು. ಮೊಣಕಾಲಿನ ತನಕ ಕೌದಿ ಬಂದಿತ್ತು. ಅದಕ್ಕಿಂತ ಮೇಲೆ ಬಂದಿರಲಿಲ್ಲ. ಪಕ್ಕದಲ್ಲೇ ಮಂಚಕ್ಕೊರಗಿ ದಾವಲಸಾಬ ನೆಲದ ಮೇಲೆ ಕುಳಿತಿದ್ದ. ಮಂಚದಿಂದ ಕೌದಿ ಎಳೆದು ತಂದು ಹೊದಿಸಲು ಹೊರಟವನಿಗೆ ಅಷ್ಟರಲ್ಲೇ ತ್ರಾಣ ಮುಗಿದಿತ್ತು. ಕೌದಿಯ ಒಂದು ತುದಿ ಇನ್ನೂ ಅವನ ಮುಷ್ಟಿಯಲ್ಲಿತ್ತು. ಅವನಿಗೆ ಮತ್ತೆ ಮೇಲಕ್ಕೆ ಏಳಲೂ ಆಗಿರಲಿಲ್ಲ.

"ಎಷ್ಟೊತ್ತಾತು ಹಿಂಗೆ ಕುಂತು?"

"ಈಗ."

ಅವನ ಪಾದಗಳನ್ನು ಮುಟ್ಟಿದಳು. ಮಂಜಿನಂತೆ ತಣ್ಣಗಿದ್ದವು.

"ನನ್ನ ಕರೀಬಾರ್ದಾಗಿತ್ತಾ?"

"ಕರೆದಿದ್ರೆ ನೀ ಎದ್ದುಬಿಡ್ತಿದ್ದೆ."

ಕಾಸಿಂಬಿ ಎರಡೂ ಕಂಕುಳಿಗೆ ಕೈಕೊಟ್ಟು ಅವನನ್ನು ಎತ್ತಿದಳು. ಅಷ್ಟು ಬಲ ಹಾಕುವ ಅಗತ್ಯವೇ ಇರಲಿಲ್ಲ. ಮಂಚದ ಮೇಲೆ ಮಲಗಿಸಿ, ನಳಿಕೆ ಸರಿಮಾಡಿ, ಕೌದಿಯನ್ನು ಗದ್ದದ ತನಕ ಹೊದಿಸಿ, ಕಾಲುಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡು ತಿಕ್ಕತೊಡಗಿದಳು. ತಿಕ್ಕುತ್ತ ತಿಕ್ಕುತ್ತ ಅವಳಿಗೆ ತನ್ನ ಮೈ ಎಷ್ಟು ಹಗುರವಾಗಿದೆ, ಕಣ್ಣು ಎಷ್ಟು ತಿಳಿಯಾಗಿದೆ ಎಂಬುದು ಅರಿವಿಗೆ ಬಂತು. ಒಂದು ಕನಸೂ ಬಿದ್ದಿರಲಿಲ್ಲ. ಅಷ್ಟು ಹೊತ್ತು ಒಂದು ಸಲವೂ ಅವನ ನೆನಪಾಗಿರಲಿಲ್ಲ. ಎದೆಯೊಳಗಿಂದ ಅಳು ಒತ್ತರಿಸಿ ಬಂದು, ಅವನ ಪಾದಗಳ ಮೇಲೆ ತಲೆ ಇಟ್ಟು ಗೋಳೋ ಎಂದು ಅತ್ತಳು.

ದಾವಲಸಾಬ ಅವಳ ಅಳು ಇಳಿಯುವ ತನಕ ಕಾದ.

"ಚಂದ ನಿದ್ದಿ ಬಂತಾ?" ಎಂದು ಕೇಳಿದ.

ಸುಳ್ಳು ಹೇಳಬೇಕೆಂದು ಅವಳಿಗೆ ಬಹಳ ಅನ್ನಿಸಿತು.

"ಬಂತು" ಎಂದಳು.